ಮುಂಡಗೋಡದ ಗಂಟು, ಓರ್ಖಾನ್ ಕಣಿವೆಯ ಮನೆ

ಮಂಗೋಲಿಯಾ ನಮ್ಮ ಕರ್ನಾಟಕದ ಎಂಟು ಪಟ್ಟು ದೊಡ್ಡ ದೇಶ. ಜನ ಮಾತ್ರ ಸುಮಾರು 35 ಲಕ್ಷ. ಅವರಲ್ಲೂ ಹತ್ತಿರ ಹತ್ತಿರ ಅರ್ಧ ಮಂದಿ ರಾಜಧಾನಿ ಉಲಾನ್‌ಬಾತರ್ ಒಂದರಲ್ಲೇ ಇದ್ದಾರೆ. ಉಳಿದ ಕಡೆಯೆಲ್ಲ ಹುಲ್ಲು, ಬೆಟ್ಟ, ಮರಳುಗಾಡು, ಮತ್ತೆ ಹುಲ್ಲು. ಕುರಿ, ಮೇಕೆ, ದನ, ಕುದುರೆ, ಒಂಟೆ ಎಲ್ಲ ಸೇರಿ ಆರು ಕೋಟಿಯ ಆಸುಪಾಸು. ಅಂದರೆ ಒಬ್ಬ ಮನುಷ್ಯನಿಗೆ ಹದಿನೇಳು ಜಾನುವಾರು ಅಂತಾಯಿತು.

ಈ ದೇಶದಲ್ಲಿ 2024ರ ಜುಲೈ ತಿಂಗಳಲ್ಲಿ ನಾವು ಮೂವರು ಹದಿನೆಂಟು ದಿನ ಇದ್ದು ಬಂದೆವು. ಇಬ್ಬರು ಹುಡುಗಿಯರು, ಒಬ್ಬ ಹುಡುಗ, ಒಂದೇ ಬ್ಯಾಚಿನವರು. ಯಾವ ಟೂರ್ ಕಂಪನಿಯನ್ನೂ ಹಿಡಿಯಲಿಲ್ಲ. ಎರಡು ವರ್ಷ ಕೂಡಿಟ್ಟ ದುಡ್ಡಲ್ಲಿ ಅರ್ಧಕ್ಕಿಂತ ಹೆಚ್ಚು ವಿಮಾನಕ್ಕೇ ಹೋಯಿತು. ಉಳಿದದ್ದರಲ್ಲಿ ಬಸ್ಸು, ಸೀಟು ಲೆಕ್ಕದ ಜೀಪು, ಯಾರದೋ ಮನೆಯ ನೆಲ. ಊರಲ್ಲಿ ಕೇಳಿದವರಿಗೆಲ್ಲ ಒಂದೇ ಅನುಮಾನ: ಅಷ್ಟು ದೂರ, ಅಷ್ಟು ಖರ್ಚು, ಅಲ್ಲೇನಿದೆ? ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮುಂಡಗೋಡಕ್ಕೂ ಮಂಗೋಲಿಯಾಕ್ಕೂ ಏನು ನಂಟು?

ನಮ್ಮಲ್ಲೊಬ್ಬಳು ಮುಂಡಗೋಡದ ಕಡೆಯವಳು. ಅಲ್ಲಿ ಟಿಬೆಟಿಯನ್ ಕ್ಯಾಂಪ್ 1966ರಿಂದ ಇದೆ ಅನ್ನೋದು ಉತ್ತರ ಕನ್ನಡದವರಿಗೆ ಗೊತ್ತು. ಕೆಂಪು ಬಟ್ಟೆಯ ಲಾಮಾಗಳನ್ನು ಸಂತೆಯಲ್ಲಿ ನೋಡಿಯೇ ಬೆಳೆದವರು ನಾವು. ಆದರೆ ಅವರಲ್ಲಿ ಕೆಲವರು ಟಿಬೆಟ್‌ನವರಲ್ಲ, ಮಂಗೋಲಿಯಾದವರು ಅನ್ನೋದು ಅಲ್ಲಿನವರಿಗೂ ಅಷ್ಟಾಗಿ ಗೊತ್ತಿಲ್ಲ.

ವಿಷಯ ಇಷ್ಟು. ಹಿಂದೆ ಮಂಗೋಲಿಯಾದ ಭಿಕ್ಷುಗಳು ಓದಲು ಟಿಬೆಟ್‌ನ ಡ್ರೆಪುಂಗ್ ಮಠಕ್ಕೆ ಹೋಗುತ್ತಿದ್ದರು. ಅದರಲ್ಲಿ ಗೋಮಾಂಗ್ ಅನ್ನುವ ವಿಭಾಗಕ್ಕೆ. ಟಿಬೆಟ್ ಚೀನಾದ ಕೈ ಸೇರಿದ ಮೇಲೆ ಆ ಮಠವನ್ನು ಮುಂಡಗೋಡದಲ್ಲಿ ಮತ್ತೆ ಕಟ್ಟಿದರು. ಅತ್ತ ಮಂಗೋಲಿಯಾದಲ್ಲಿ 1930ರ ದಶಕದ ಕೊನೆಗೆ ಕಮ್ಯುನಿಸ್ಟ್ ಸರ್ಕಾರ ನೂರಾರು ಮಠಗಳನ್ನು ಕೆಡವಿತು, ಸಾವಿರಾರು ಲಾಮಾಗಳನ್ನು ಕೊಂದಿತು. 1990ರಲ್ಲಿ ಆ ಆಡಳಿತ ಕಳೆದ ಮೇಲೆ ಅಲ್ಲಿನ ಹುಡುಗರು ಮತ್ತೆ ಓದಲು ಹೊರಟರು. ಈ ಸಲ ದಾರಿ ನಮ್ಮ ಮುಂಡಗೋಡಕ್ಕೆ.

ಅಂಥ ಒಬ್ಬ ಲಾಮಾ ನಮಗೆ ಪರಿಚಯ. ಹನ್ನೆರಡು ವರ್ಷದಿಂದ ಇಲ್ಲಿದ್ದಾರೆ. ಹಿಂದಿ ಚೆನ್ನಾಗಿ ಬರುತ್ತದೆ, ಕನ್ನಡದಲ್ಲಿ ತರಕಾರಿ ಚೌಕಾಸಿ ಮಾಡುತ್ತಾರೆ. ಅವರೇ ಒಂದು ದಿನ ತಮ್ಮ ಭಾಷೆಯಲ್ಲಿ ಗ್ರಹಗಳ ಹೆಸರು ಹೇಳಿದರು. ಮಂಗಳನಿಗೆ ಅಂಗಾರಗ್, ಬುಧನಿಗೆ ಬುದ್, ಗುರುವಿಗೆ ಬರ್ಹಸ್ಬದ್, ಶುಕ್ರನಿಗೆ ಸುಗರ್, ಶನಿಗೆ ಸಂಚಿರ್. ಅಂಗಾರಕ, ಬುಧ, ಬೃಹಸ್ಪತಿ, ಶುಕ್ರ, ಶನೈಶ್ಚರ. ಬೌದ್ಧ ಧರ್ಮದ ಜೊತೆ ಸಂಸ್ಕೃತದ ಮಾತುಗಳು ಅಷ್ಟು ದೂರ ನಡೆದು ಹೋಗಿವೆ. ಅವರ ಬಾವುಟದ ಮೇಲಿನ ಗುರುತಿನ ಹೆಸರು ‘ಸೊಯೊಂಬೊ’. ಅದು ನಮ್ಮ ‘ಸ್ವಯಂಭು’.

ನಾವು ಹೊರಟಿದ್ದೇವೆ ಅಂತ ತಿಳಿದಾಗ ಲಾಮಾ ಒಂದು ಗಂಟು ತಂದುಕೊಟ್ಟರು. ಊದುಬತ್ತಿ, ಎರಡು ಕೆ.ಜಿ. ಗೋಡಂಬಿ, ಖದಗ್ ಅನ್ನುವ ನೀಲಿ ರೇಷ್ಮೆ ವಸ್ತ್ರ. ಓರ್ಖಾನ್ ಕಣಿವೆಯಲ್ಲಿ ಕುರಿ ಮೇಯಿಸುವ ತಮ್ಮ ಅಕ್ಕನಿಗೆ ಕೊಡಬೇಕು. ಜೊತೆಗೆ ಒಂದು ಕೆಲಸ ಹೇಳಿದರು.

“ಫೋನ್ ಮಾಡಿದಾಗೆಲ್ಲ ಅಕ್ಕ ‘ಸೈನ್’ ಅಂತಾಳೆ. ಚೆನ್ನಾಗಿದ್ದೀವಿ ಅಂತ. ಈ ಚಳಿಗಾಲ ಕೆಟ್ಟದಾಗಿತ್ತು ಅಂತ ಬೇರೆಯವರು ಹೇಳ್ತಾರೆ. ನೀವು ಪತ್ರಕರ್ತರಲ್ವಾ? ಜಾನುವಾರು ಎಷ್ಟು ಉಳಿದಿವೆ ಅಂತ ನೋಡಿಕೊಂಡು ಬಂದು ನನಗೆ ಹೇಳಿ.”

ಬಲಗಡೆ ಸ್ಟಿಯರಿಂಗ್, ಬಲಗಡೆಯೇ ರಸ್ತೆ

ಉಲಾನ್‌ಬಾತರ್‌ನ ಹೊಸ ವಿಮಾನ ನಿಲ್ದಾಣ ಊರಿಂದ ಸುಮಾರು 50 ಕಿ.ಮೀ. ದೂರ. ಕಾರು ಹತ್ತಿದ ಕೂಡಲೇ ಒಂದು ವಿಚಿತ್ರ ಕಂಡಿತು. ಅಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ಆದರೆ ಕಾರುಗಳಲ್ಲಿ ಬಹುಪಾಲು ಜಪಾನಿನಿಂದ ಬಂದ ಹಳೆ ಗಾಡಿಗಳು. ಅವುಗಳ ಸ್ಟಿಯರಿಂಗ್ ನಮ್ಮ ಹಾಗೆ ಬಲಕ್ಕೆ. ಓವರ್‌ಟೇಕ್ ಮಾಡುವಾಗ ಎದುರಿನ ಗಾಡಿ ಮೊದಲು ಕಾಣುವುದು ಪಕ್ಕದಲ್ಲಿ ಕೂತವನಿಗೆ, ಡ್ರೈವರ್‌ಗಲ್ಲ.

ಪೇಟೆಯ ನಡುವೆ ಗಾಜಿನ ಕಟ್ಟಡಗಳು. ಸುತ್ತಲಿನ ಗುಡ್ಡಗಳ ಮೇಲೆ ಹಲಗೆ ಬೇಲಿ, ಅದರೊಳಗೆ ದುಂಡನೆಯ ಬಿಳಿ ಗುಡಾರಗಳು. ಇವೇ ‘ಗೆರ್’. ಜಾನುವಾರು ಕಳೆದುಕೊಂಡು, ಇಲ್ಲವೇ ಮಕ್ಕಳ ಓದಿಗೆಂದು ಬಂದವರು ತಮ್ಮ ಮನೆಯನ್ನೇ ಹೊತ್ತು ತಂದು ಗುಡ್ಡದ ಮೇಲೆ ಹಾಕಿಕೊಂಡಿದ್ದಾರೆ. ಊರಿನ ಅರ್ಧದಷ್ಟು ಜನ ಇಂಥ ಕಡೆ ಇದ್ದಾರೆ. ಬಹಳ ಮನೆಗಳಿಗೆ ನಲ್ಲಿಯಿಲ್ಲ, ನೀರನ್ನು ಕ್ಯಾನ್‌ನಲ್ಲಿ ಕೊಂಡು ತರಬೇಕು. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವ ಊರು. ಒಲೆಗೆ ಕಲ್ಲಿದ್ದಲು. ಹೊಗೆಗೆ ಹೆದರಿ 2019ರಲ್ಲಿ ಹಸಿ ಕಲ್ಲಿದ್ದಲನ್ನು ಸರ್ಕಾರ ನಿಷೇಧಿಸಿ, ಅಚ್ಚು ಹಾಕಿದ ಇಟ್ಟಿಗೆಯಂಥ ಇಂಧನ ಕೊಡಲು ಶುರು ಮಾಡಿತು.

ಗಂದನ್ ಮಠದಲ್ಲಿ 26 ಮೀಟರ್ ಮೀರಿದ ಅವಲೋಕಿತೇಶ್ವರನ ಮೂರ್ತಿ ಇದೆ. ಹಳೆಯದನ್ನು 1938ರಲ್ಲಿ ಕಳಚಿ ಒಯ್ದರು. ಈಗಿರುವುದು ಜನ ಕಾಸು ಕೂಡಿಸಿ 1996ರಲ್ಲಿ ನಿಲ್ಲಿಸಿದ್ದು. ನಾವು ಇಂಡಿಯಾದವರು ಅಂದ ಕೂಡಲೇ ಅಲ್ಲೊಬ್ಬ ಅಜ್ಜಿ “ಬಕುಲಾ!” ಅಂದು ಕೈ ಮುಗಿದರು. ಲಡಾಖ್‌ನ ಕುಶೋಕ್ ಬಕುಲಾ ರಿಂಪೋಚೆ 1990ರಿಂದ 2000ದವರೆಗೆ ಅಲ್ಲಿ ಭಾರತದ ರಾಯಭಾರಿ ಆಗಿದ್ದವರು. ಮುಚ್ಚಿದ್ದ ಮಠಗಳಿಗೆ ಮತ್ತೆ ಜೀವ ಬರಲು ದುಡಿದವರು. ಒಬ್ಬ ರಾಯಭಾರಿಯ ಹೆಸರು ಅಜ್ಜಿಯ ಬಾಯಲ್ಲಿ ಉಳಿದಿದೆ.

ಬಸ್ಸು ನಿಲ್ಲುವ ಕಡೆ ರಸ್ತೆಯೂ ನಿಲ್ಲುತ್ತದೆ

ಪಶ್ಚಿಮದ ಬಸ್ ನಿಲ್ದಾಣದಿಂದ ಖರ್ಖೋರಿನ್‌ಗೆ ಬಸ್ಸಿದೆ. ಸುಮಾರು 360 ಕಿ.ಮೀ., ಏಳು ಗಂಟೆಯ ದಾರಿ. ಟಿಕೆಟ್ ತಗೊಳ್ಳಲು ಪಾಸ್‌ಪೋರ್ಟ್ ತೋರಿಸಬೇಕು. ಖರ್ಖೋರಿನ್ ಅಂದರೆ ಹಳೆಯ ಕಾರಾಕೋರಂ, ಚೆಂಗೀಸ್ ಖಾನನ ಮಗ ಒಗೆದೈ 1235ರಲ್ಲಿ ಗೋಡೆ ಕಟ್ಟಿಸಿದ ರಾಜಧಾನಿ. ಅರ್ಧ ಪ್ರಪಂಚ ಆಳಿದ ಆ ಪೇಟೆ ಈಗ ಇಲ್ಲ. ಒಂದೆರಡು ಕಲ್ಲಿನ ಆಮೆಗಳು ಬಯಲಲ್ಲಿ ಕೂತಿವೆ. ಪಾಳು ಬಿದ್ದ ಊರಿನ ಕಲ್ಲುಗಳನ್ನೇ ತಂದು 1586ರಲ್ಲಿ ಎರ್ದೆನೆ ಜೂ ಮಠ ಕಟ್ಟಿದರು. ಅದರ ಪೌಳಿಯ ಮೇಲೆ 108 ಸ್ತೂಪಗಳು.

ಅಲ್ಲಿಂದ ಮುಂದೆ ಬಸ್ಸಿಲ್ಲ. ರಷ್ಯಾದ ಹಳೆಯ ವ್ಯಾನ್ ಒಂದಿದೆ, ಅದಕ್ಕೆ ‘ಪುರ್ಗೊನ್’ ಅಂತಾರೆ. ನಮ್ಮ ಕಡೆಯ ಟೆಂಪೋ ಹಾಗೇ: ಹತ್ತು ಜನರ ಗಾಡಿಯಲ್ಲಿ ಹದಿನಾರು ಜನ, ಹಿಟ್ಟಿನ ಮೂಟೆ, ಒಂದು ವಾಷಿಂಗ್ ಮೆಷಿನ್. ಎಲ್ಲರೂ ತುಂಬುವವರೆಗೆ ಹೊರಡುವುದಿಲ್ಲ. ರಸ್ತೆ ಅಂತ ಒಂದಿಲ್ಲ, ಹುಲ್ಲಿನ ಮೇಲೆ ಹತ್ತಾರು ಗಾಲಿ ಗುರುತುಗಳು. ಎತ್ತರದ ಜಾಗದಲ್ಲಿ ಕಲ್ಲಿನ ಗುಪ್ಪೆ ಬಂತು, ಮೇಲೆ ನೀಲಿ ಬಟ್ಟೆ ಕಟ್ಟಿದ್ದರು. ಅದು ‘ಒವೋ’. ಎಲ್ಲರೂ ಇಳಿದು ಒಂದೊಂದು ಕಲ್ಲು ಹಾಕಿ ಮೂರು ಸುತ್ತು ಬಂದರು. ನಾವೂ ಬಂದೆವು.

ಒಬ್ಬರೇ ತಿರುಗುವುದನ್ನು ‘ಸ್ವತಂತ್ರ ಪ್ರವಾಸ’ ಅಂತ ಕರೆಯುತ್ತಾರೆ. ಮಂಗೋಲಿಯಾದಲ್ಲಿ ಆ ಮಾತಿಗೆ ಅರ್ಥವಿಲ್ಲ. ಟೂರ್ ಕಂಪನಿ ಇದ್ದರೆ ನೀವು ಅವರೊಬ್ಬರನ್ನು ನಂಬಿದರೆ ಸಾಕು. ಇಲ್ಲದಿದ್ದರೆ ಡ್ರೈವರನ್ನು, ಪಕ್ಕದ ಸೀಟಿನ ಅಜ್ಜನನ್ನು, ದೂರದಲ್ಲಿ ಕಾಣುವ ಬಿಳಿ ಚುಕ್ಕೆಯಂಥ ಮನೆಯನ್ನು, ಹೀಗೆ ಎಲ್ಲರನ್ನೂ ನಂಬಬೇಕು. ಅಲ್ಲಿನವರೂ ಹಾಗೇ ಬದುಕುತ್ತಾರೆ. ಮುಂದಿನ ಮನೆ ಹತ್ತು ಮೈಲಿ ದೂರ ಇರುವಾಗ ಬಾಗಿಲಿಗೆ ಬಂದವನಿಗೆ ಚಹಾ ಕೊಡುವುದು ಬರೀ ಸೌಜನ್ಯವಲ್ಲ. ನಾಳೆ ಹಿಮಗಾಳಿಯಲ್ಲಿ ತಾನೇ ಇನ್ನೊಬ್ಬರ ಬಾಗಿಲಿಗೆ ಹೋಗಬೇಕಾದೀತು.

ನಾಯಿ ಹಿಡಿಯಿರಿ!

ಮನೆಗೆ ಬರುವವರು ಬಾಗಿಲು ಬಡಿಯುವುದಿಲ್ಲ. ದೂರದಿಂದಲೇ “ನೊಖೊಯ್ ಖೋರ್!” ಅಂತ ಕೂಗಬೇಕು. “ನಾಯಿ ಹಿಡಿಯಿರಿ” ಅಂತ ಅರ್ಥ. ಲಾಮಾ ಕಲಿಸಿದ್ದ ಮೊದಲ ಮಾತೇ ಇದು, ತುಂಬ ಉಪಯೋಗಕ್ಕೆ ಬಂತು.

ಲಾಮಾರ ಅಕ್ಕ ಹೊರಗೆ ಬಂದರು. ಐವತ್ತರ ಆಸುಪಾಸು, ಬಿಸಿಲಿಗೆ ಕೆಂಪಾದ ಕೆನ್ನೆ. ಅವರನ್ನು ನಾವು ‘ಎಗ್ಚೇ’ ಅಂತ ಕರೆದೆವು, ಅಂದರೆ ಅಕ್ಕ. ಖದಗನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಗೋಡಂಬಿಯ ಪೊಟ್ಟಣವನ್ನು ಮೂಸಿ ನೋಡಿದರು. ತಮ್ಮ ಇರುವ ಊರಿನ ವಾಸನೆ ಇದೆಯೇನೋ ಅನ್ನುವಂತೆ.

ಗೆರ್ ಅಂದರೆ ಮಡಚುವ ಮರದ ಜಾಲರಿಯ ಗೋಡೆ, ಅದರ ಮೇಲೆ ಕುರಿ ಉಣ್ಣೆಯ ದಪ್ಪ ಕಂಬಳಿ. ಬಾಗಿಲು ಯಾವಾಗಲೂ ದಕ್ಷಿಣಕ್ಕೆ. ಮೇಲೆ ನಡುವೆ ದುಂಡು ಕಿಂಡಿ. ಅದರಿಂದ ಬೀಳುವ ಬಿಸಿಲು ಎಲ್ಲಿದೆ ಅಂತ ನೋಡಿ ಎಗ್ಚೇ ಹೊತ್ತು ಹೇಳುತ್ತಿದ್ದರು. ನಡುವೆ ಒಲೆ, ಬಾಗಿಲಿಗೆ ಎದುರು ದೇವರ ಜಾಗ. ಹೊಸ್ತಿಲು ತುಳಿಯಬಾರದು, ಇದು ನಮಗೆ ಹೇಳಿಕೊಡಬೇಕಿರಲಿಲ್ಲ. ನಡುವಿನ ಎರಡು ಕಂಬಗಳ ಮಧ್ಯೆ ಹಾಯಬಾರದು. ಒಲೆಯ ಕಡೆ ಕಾಲು ಚಾಚಬಾರದು. ಏನು ಕೊಟ್ಟರೂ ಬಲಗೈಯಲ್ಲಿ ತಗೋಬೇಕು, ಎಡಗೈ ಬಲ ಮೊಣಕೈಗೆ ಆಸರೆಯಾಗಿರಬೇಕು.

ಮೊದಲು ಬರುವುದು ಸೂತೆ ತ್ಸಾಯ್, ಉಪ್ಪು ಹಾಕಿದ ಹಾಲಿನ ಚಹಾ. ಮೊದಲ ಗುಟುಕು ಸಾರಿನ ಹಾಗೆ ಅನಿಸಿತು. ಮೂರನೇ ದಿನಕ್ಕೆ ಅದಿಲ್ಲದೆ ಬೆಳಗಾಗುತ್ತಿರಲಿಲ್ಲ.

ನಮ್ಮಲ್ಲೊಬ್ಬರು ಮಾಂಸ ತಿನ್ನುವುದಿಲ್ಲ. ‘ಅಲ್ಲಿ ಏನು ತಿಂದಿರಿ’ ಅಂತ ಎಲ್ಲರೂ ಕೇಳುತ್ತಾರೆ. ಬೇಸಿಗೆಯಲ್ಲಿ ಆ ಜನರೇ ಮಾಂಸ ಕಡಿಮೆ ಮಾಡಿ ಹಾಲಿನ ಪದಾರ್ಥದ ಮೇಲೆ ಇರುತ್ತಾರೆ. ಕಾಯಿಸಿದ ಹಾಲಿನ ಮೇಲೆ ಕಟ್ಟುವ ದಪ್ಪ ಕೆನೆ ‘ಒರೊಂ’. ಗಟ್ಟಿ ಮೊಸರು ‘ತರಗ್’. ಮೊಸರಿನ ಗಷ್ಟನ್ನು ಹಿಂಡಿ ಗೆರ್‌ನ ಮಾಡಿನ ಮೇಲೆ ಒಣಗಿಸಿದ್ದು ‘ಆರೂಲ್’, ಹಲ್ಲು ಗಟ್ಟಿ ಇರುವವರಿಗೆ ಮಾತ್ರ. ಹೆಣ್ಣು ಕುದುರೆಯ ಹಾಲನ್ನು ಚರ್ಮದ ಚೀಲದಲ್ಲಿ ಕಡೆದು ಹುಳಿ ಬರಿಸಿದ್ದು ‘ಐರಗ್’, ಸ್ವಲ್ಪ ಅಮಲು ಇರುತ್ತದೆ. ಬಾಗಿಲ ಪಕ್ಕದಲ್ಲೇ ಆ ಚೀಲ ತೂಗು ಹಾಕಿರುತ್ತಾರೆ. ಒಳಗೆ ಬಂದವರು ಕಡೆಗೋಲು ಹಿಡಿದು ನಾಲ್ಕು ಸಲ ಕಡೆದು ಮುಂದೆ ಹೋಗಬೇಕು.

ಕೆಲಸ ನಮಗೆ ಹೊಸದಾಗಿರಲಿಲ್ಲ. ಕುದುರೆಯ ಹಾಲು ಕರೆಯುವಾಗ ಮೊದಲು ಮರಿಯನ್ನು ಬಿಡಬೇಕು, ಅದು ಬಾಯಿ ಹಾಕಿದ ಮೇಲೆ ಹಾಲು ಇಳಿಯುತ್ತದೆ. ನಮ್ಮ ಕೊಟ್ಟಿಗೆಯ ಲೆಕ್ಕವೇ. ಆದರೆ ಎರಡು ಗಂಟೆಗೊಮ್ಮೆ ಕರೆಯಬೇಕು. ಮರವಿಲ್ಲದ ಬಯಲಲ್ಲಿ ಒಲೆಗೆ ಒಣಗಿದ ಸಗಣಿ, ‘ಅರ್ಗಲ್’. ಬೆರಣಿ ತಟ್ಟುವ ಗೋಜಿಲ್ಲ. ಬಯಲಲ್ಲಿ ಬಿದ್ದು ತಾನೇ ಒಣಗಿದ್ದನ್ನು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಆರಿಸಿ ತರುವುದು. ಗೆರ್‌ನ ಹೊರಗೆ ಸೋಲಾರ್ ಹಲಗೆ, ಡಿಶ್ ಆಂಟೆನಾ, ಮೋಟರ್‌ಸೈಕಲ್. 2000ದ ಸುಮಾರಿಗೆ ಒಂದು ಲಕ್ಷ ಗೆರ್‌ಗಳಿಗೆ ಸೋಲಾರ್ ಕೊಡುವ ಯೋಜನೆ ಶುರು ಮಾಡಿ, 2012ರ ಹೊತ್ತಿಗೆ ಅಲ್ಲಿನ ಸರ್ಕಾರ ಅದನ್ನು ಮುಗಿಸಿದೆ.

ಇನ್ನೊಂದು ವಿಷಯ ನಮ್ಮ ಓದುಗರಿಗೆ ಹೇಳಲೇಬೇಕು. ಅಲ್ಲಿ ಹುಲ್ಲುಗಾವಲನ್ನು ಯಾರೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ. 1992ರ ಸಂವಿಧಾನದಲ್ಲೇ ಹಾಗೆ ಬರೆದಿದೆ. ಅಂದರೆ ದೇಶದ ಬಹುಪಾಲು ನೆಲವೇ ಒಂದು ದೊಡ್ಡ ಗೋಮಾಳ. ಬೇಲಿ ಇಲ್ಲದ ನೆಲದಲ್ಲಿ ಅರ್ಧ ದಿನ ನಡೆದ ಮೇಲೆ ಕಣ್ಣಿಗೆ ಏನೋ ಕಡಿಮೆಯಾಗಿದೆ ಅನಿಸುತ್ತದೆ. ಕಡಿಮೆಯಾಗಿರುವುದು ಬೇಲಿ.

ಲೆಕ್ಕ

ನಾಲ್ಕು ದಿನ ಯಾರೂ ಜಾನುವಾರಿನ ಮಾತೆತ್ತಲಿಲ್ಲ. ಅಲ್ಲಿನ ರೂಢಿಯೇ ಹಾಗೆ. ಭೇಟಿಯಾದವರು “ಬೇಸಿಗೆ ಚೆನ್ನಾಗಿ ಕಳೀತಿದೆಯಾ? ಜಾನುವಾರು ಕೊಬ್ಬಿವೆಯಾ?” ಅಂತ ಕೇಳುತ್ತಾರೆ. ಎದುರಿನವರು “ಸೈನ್” ಅನ್ನಲೇಬೇಕು. ಮನೆಯಲ್ಲಿ ಸಾವಾಗಿದ್ದರೂ ಮೊದಲ ಉತ್ತರ ಅದೇ. ಕೆಟ್ಟ ಸುದ್ದಿ ಚಹಾ ಕುಡಿದ ಮೇಲೆ, ಸಮಯ ನೋಡಿ.

ಆದರೆ ಸಂಜೆ ಕುರಿ ಬರುವಾಗ ನಾವೂ ಎಣಿಸುತ್ತಿದ್ದೆವು. ದೊಡ್ಡಿ ನೋಡಿದರೆ ನಾಲ್ಕುನೂರು ಹಿಡಿಸುವಷ್ಟು ದೊಡ್ಡದು. ಒಳಗೆ ಬರುತ್ತಿದ್ದದ್ದು ನೂರೂ ಇಲ್ಲ.

ಐದನೇ ದಿನ ಎಗ್ಚೇ ತಾವೇ ಶುರು ಮಾಡಿದರು. ಅವರ ಹದಿನಾಲ್ಕು ವರ್ಷದ ಮಗಳು ಶಾಲೆಯಲ್ಲಿ ಕಲಿತ ಇಂಗ್ಲಿಷ್‌ನಲ್ಲಿ ನಮಗೆ ಹೇಳುತ್ತಿದ್ದಳು. ಸಾಲದ ಕಡೆ ಫೋನಿನ ಅನುವಾದ.

ಮಂಗೋಲಿಯಾದಲ್ಲಿ ‘ಝುಡ್’ ಅನ್ನುವ ಪಿಡುಗು ಇದೆ. ಹಿಮ ಆಳವಾಗಿ ಬಿದ್ದು ಹುಲ್ಲು ಮುಚ್ಚಿದರೆ ಅದು ಬಿಳಿ ಝುಡ್. ಬಿದ್ದ ಹಿಮ ಸ್ವಲ್ಪ ಕರಗಿ ಮತ್ತೆ ಗಟ್ಟಿಯಾಗಿ ಕಲ್ಲಿನಂತಾದರೆ ಅದು ಕಬ್ಬಿಣದ ಝುಡ್. ಕುರಿಗಳು ಗೊರಸಿನಿಂದ ಹಿಮ ಕೆದರಿ ಕೆಳಗಿನ ಹುಲ್ಲು ತಿನ್ನುತ್ತವೆ. ಮಂಜುಗಡ್ಡೆ ಕೆದರಲು ಆಗುವುದಿಲ್ಲ, ಹುಲ್ಲು ಕಾಲ ಕೆಳಗೇ ಇದ್ದೂ ಹಸಿವಿನಿಂದ ಸಾಯುತ್ತವೆ. 2009–10ರ ಚಳಿಗಾಲದಲ್ಲಿ ಹೀಗೆ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. 2023–24ರಲ್ಲಿ ಮತ್ತೆ 70 ಲಕ್ಷಕ್ಕೂ ಹೆಚ್ಚು.

ಇದರಲ್ಲಿ ಮನುಷ್ಯರ ಪಾಲೂ ಇದೆ. 1990ರಲ್ಲಿ ದೇಶದಲ್ಲಿ ಇದ್ದದ್ದು ಸುಮಾರು ಎರಡೂವರೆ ಕೋಟಿ ಜಾನುವಾರು. ಸರ್ಕಾರಿ ಸಂಘಗಳು ಮುಚ್ಚಿ ಮಂದೆ ಖಾಸಗಿಯಾದ ಮೇಲೆ 2019ಕ್ಕೆ ಅದು ಏಳು ಕೋಟಿ ಮುಟ್ಟಿತು. ಮೇಕೆಯ ಮೈಯಿಂದ ಬಾಚಿ ತೆಗೆಯುವ ನಯವಾದ ತುಪ್ಪಳ, ಕ್ಯಾಶ್ಮೀರ್, ಅದಕ್ಕೆ ಒಳ್ಳೆ ಬೆಲೆ. ಎಲ್ಲರೂ ಮೇಕೆ ಹೆಚ್ಚಿಸಿದರು. ಮೇಕೆ ಬೇರಿನವರೆಗೂ ಮೇಯುತ್ತದೆ. ಹುಲ್ಲು ತೆಳ್ಳಗಾದಷ್ಟೂ ಬೇಸಿಗೆಯಲ್ಲಿ ಮೈಗೆ ಕೊಬ್ಬು ಹತ್ತುವುದಿಲ್ಲ, ಕೊಬ್ಬಿಲ್ಲದ್ದು ಚಳಿಗೆ ತಡೆಯುವುದಿಲ್ಲ.

ಎಗ್ಚೇ ಬೆರಳು ಮಡಚಿ ಹೇಳಿದರು. ಮೊದಲು ಎಲ್ಲ ಸೇರಿ 430. ಈಗ ಕುರಿ 58, ಮೇಕೆ 37, ಹಸು 4, ಕುದುರೆ 7. ಮಂದೆಯನ್ನೇ ಅಡವಿಟ್ಟು ತಂದ ಬ್ಯಾಂಕ್ ಸಾಲ ಹಾಗೇ ಇದೆ. ಈ ವರ್ಷವೋ ಮುಂದಿನ ವರ್ಷವೋ ಗೆರ್ ಕಟ್ಟಿಕೊಂಡು ಉಲಾನ್‌ಬಾತರ್‌ನ ಗುಡ್ಡ ಹತ್ತಬೇಕಾದೀತು ಅಂತ ಯಜಮಾನರು ಹೇಳುತ್ತಿದ್ದಾರೆ.

ಆಮೇಲೆ ಕೇಳಿದರು: “ತಮ್ಮನಿಗೆ ಇದನ್ನು ಹೇಳಬೇಡಿ. ಅವನಿಗೆ ಚಳಿಗಾಲದಲ್ಲಿ ಪರೀಕ್ಷೆ ಇದೆ. ತಿಳಿದರೆ ಓದು ಬಿಟ್ಟು ಓಡಿ ಬರ್ತಾನೆ. ಬಂದು ಏನು ಮಾಡ್ತಾನೆ, ಸತ್ತ ಕುರಿ ಎಬ್ಬಿಸ್ತಾನಾ?”

ಆ ರಾತ್ರಿ ನಾವು ಮೂವರೂ ಹೊಳೆಯ ದಂಡೆಯಲ್ಲಿ ಕೂತು ಮಾತಾಡಿದೆವು. ನೋಡಿದ್ದನ್ನು ಹೇಳುವುದೇ ನಮ್ಮ ಕೆಲಸ ಅಂತ ಒಬ್ಬರ ವಾದ. ಇದು ಸುದ್ದಿಯಲ್ಲ, ಮನೆಯ ಮಾತು ಅಂತ ಇನ್ನೊಬ್ಬರು. ಒಂದು ವಿಷಯದಲ್ಲಿ ಮಾತ್ರ ಮೂವರಿಗೂ ಒಪ್ಪಿಗೆ ಇತ್ತು: ಸುಳ್ಳು ಹೇಳುವುದಿಲ್ಲ.

ಬೆಳಿಗ್ಗೆ ಎಗ್ಚೇಗೆ ಅದನ್ನೇ ಹೇಳಿದೆವು. “ಲೆಕ್ಕ ನಾವು ಹೇಳೋದಿಲ್ಲ. ಆದರೆ ಎಲ್ಲ ಚೆನ್ನಾಗಿದೆ ಅಂತಲೂ ನಾವು ಹೇಳೋದಿಲ್ಲ. ಅದನ್ನು ನೀವೇ ಅವರಿಗೆ ಹೇಳಬೇಕು.” ಅವರು ಬಹಳ ಹೊತ್ತು ಚಹಾ ಎತ್ತಿ ಎತ್ತಿ ಸುರಿಯುತ್ತಿದ್ದರು. ಕೊನೆಗೆ “ತ್ಸಗಾನ್ ಸಾರ್‌ಗೆ ಹೇಳ್ತೀನಿ” ಅಂದರು. ಅದು ಅವರ ಹೊಸ ವರ್ಷದ ಹಬ್ಬ.

ಹೊರಡುವ ದಿನ ಮರದ ಸೌಟಿನಲ್ಲಿ ಹಾಲು ತಂದು ನಮ್ಮ ಗಾಡಿಯ ಹಿಂದೆ ಚಿಮುಕಿಸಿದರು. ದೂರ ಹೋಗುವವರಿಗೆ ಹಾಗೆ ಮಾಡುತ್ತಾರೆ. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡರು. ಖರ್ಖೋರಿನ್‌ನಿಂದ ಒಯ್ದಿದ್ದ ಅಕ್ಕಿ, ಹಿಟ್ಟು, ಮಗಳಿಗೆ ನೋಟ್‌ಪುಸ್ತಕ, ಅಷ್ಟನ್ನು ಮಾತ್ರ ಇಟ್ಟುಕೊಂಡರು. ನಮ್ಮ ಕೈಗೆ ಒಂದು ಚೀಲ ಆರೂಲ್ ಬಂತು.

ಹೋಗುವವರಿಗೆ ನಾಲ್ಕು ಮಾತು

ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಒಳ್ಳೆ ಕಾಲ. ಜುಲೈ 11ರಿಂದ 13 ನಾದಮ್ ಹಬ್ಬ: ಕುಸ್ತಿ, ಕುದುರೆ ಓಟ, ಬಿಲ್ಲುಗಾರಿಕೆ. ನೋಡಲು ಚೆಂದ, ಆದರೆ ಬಸ್ ಸೀಟು ಸಿಗುವುದಿಲ್ಲ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್‌ಗೆ ಮೊದಲು ರಾಯಭಾರ ಕಚೇರಿಯ ಪುಟ ನೋಡಿ. ಫೋನಿಗೆ ನಕ್ಷೆಯನ್ನೂ ಮಂಗೋಲಿಯನ್ ಭಾಷೆಯನ್ನೂ ಮೊದಲೇ ಇಳಿಸಿಕೊಳ್ಳಿ, ಬಯಲಲ್ಲಿ ಸಿಗ್ನಲ್ ಇರುವುದಿಲ್ಲ. ಬೇಸಿಗೆಯಲ್ಲೂ ರಾತ್ರಿ ಸ್ವೆಟರ್ ಬೇಕು. ಹೊಳೆಯಲ್ಲಿ ಸೋಪು ಹಾಕಿ ತೊಳೆಯಬೇಡಿ, ಅವರಿಗೆ ನೀರು ದೇವರು.

ಬೂದು ಕುದುರೆ

ಮುಂಡಗೋಡಕ್ಕೆ ಬಂದು ಆರೂಲ್ ಕೊಟ್ಟೆವು. ಲಾಮಾ ಒಂದನ್ನು ಬಾಯಿಗೆ ಹಾಕಿಕೊಂಡು ನಾವು ಮಾತಾಡುವುದನ್ನೇ ಕಾದರು. “ಅಕ್ಕ ‘ಸೈನ್’ ಅಂತ ಹೇಳಿಕಳಿಸಿದ್ದಾರೆ. ಉಳಿದದ್ದನ್ನು ಹಬ್ಬಕ್ಕೆ ಅವರೇ ಹೇಳ್ತಾರೆ, ನಾವು ಹೇಳೋದಿಲ್ಲ ಅಂತ ಮಾತು ಕೊಟ್ಟಿದ್ದೀವಿ” ಅಂದೆವು. ಅವರಿಗೆ ಅರ್ಥವಾಯಿತು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಒಂದೇ ಪ್ರಶ್ನೆ ಕೇಳಿದರು.

“ಬೂದು ಕುದುರೆ ಇದೆಯಾ?”

ಅಲ್ಲಿ ಕುದುರೆಗೆ ಹೆಸರಿಡುವುದಿಲ್ಲ, ಬಣ್ಣದಿಂದಲೇ ಕರೆಯುತ್ತಾರೆ. ಚಿಕ್ಕಂದಿನಲ್ಲಿ ಅವರು ಹತ್ತುತ್ತಿದ್ದ ಕುದುರೆಯಂತೆ. ಇದಕ್ಕೆ ನಾವು ಉತ್ತರ ಕೊಡಬಹುದಿತ್ತು. ಫೋನಿನಲ್ಲಿ ಫೋಟೊ ತೋರಿಸಿದೆವು. ಮುದಿಯಾಗಿದೆ, ಆದರೆ ಇದೆ.

ಪರೀಕ್ಷೆ ಬರೆದರು. 2025ರ ಮಾರ್ಚ್‌ನಲ್ಲಿ ತ್ಸಗಾನ್ ಸಾರ್ ಬಂತು, ಅಕ್ಕ ಫೋನಿನಲ್ಲಿ ಲೆಕ್ಕ ಹೇಳಿದರು. ಎಗ್ಚೇ ಮನೆಯವರು ಇನ್ನೂ ಉಲಾನ್‌ಬಾತರ್‌ಗೆ ಹೋಗಿಲ್ಲ. ಪಕ್ಕದ ಕುಟುಂಬದ ಜೊತೆ ಮಂದೆ ಕೂಡಿಸಿಕೊಂಡಿದ್ದಾರೆ, ಯಜಮಾನರು ಚಳಿಗಾಲದಲ್ಲಿ ಗಾಡಿ ಓಡಿಸುತ್ತಾರೆ. ಇನ್ನೊಂದು ಚಳಿ ನೋಡೋಣ ಅಂದಿದ್ದಾರೆ. ಅಕ್ಕ ತಮ್ಮ ಇಬ್ಬರೂ ಒಪ್ಪಿದ ಮೇಲೆ, ಹೆಸರು ಬಿಟ್ಟು, ಇದನ್ನು ಬರೆದಿದ್ದೇವೆ.

ಮುಂಡಗೋಡದ ಸಂತೆಯಲ್ಲಿ ನಿಮಗೆ ಮಂಗೋಲಿಯಾದ ಲಾಮಾ ಸಿಕ್ಕರೆ “ಸೈನ್ ಬೈನ ಊ” ಅನ್ನಿ, ನಮಸ್ಕಾರ ಅಂದ ಹಾಗೆ. ಊರಲ್ಲಿ ಜಾನುವಾರು ಹೇಗಿವೆ ಅಂತಲೂ ಕೇಳಿ. ಚೆನ್ನಾಗಿವೆ ಅಂತಾರೆ. ಆಮೇಲೆ ಒಂದು ಚಹಾ ಹೇಳಿ, ಸ್ವಲ್ಪ ಹೊತ್ತು ಕೂತುಕೊಳ್ಳಿ.